ಎಲೆ ಉದುರುವ ಕಾಲದಲ್ಲಿ ದಿನವೂ ಹೊರಗೆ ಓಟ, ಸೈಕಲ್, ಓರಿಯೆಂಟಿಯರಿಂಗ್: ವಾರದ ಏಳು ದಿನಗಳನ್ನು ಹೇಗೆ ಹಂಚಿಕೊಳ್ಳಲಿ?

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಒಂದು ದಿನವೂ ತಪ್ಪಿಸದೆ, ಕೆಲಸ ಮುಗಿಸಿ ಸಂಜೆ ನಿಗದಿತ ಗಂಟೆಗೆ ಹೊರಟು, ಓಟ, ಸೈಕಲ್, ಮತ್ತು ನಕ್ಷೆ, ದಿಕ್ಸೂಚಿ ಹಿಡಿದು ಗುರುತು ಮಾಡಿದ ಜಾಗಗಳನ್ನು ಹುಡುಕುತ್ತಾ ಓಡುವ ಆಟವಾದ ಓರಿಯೆಂಟಿಯರಿಂಗ್, ಈ ಮೂರನ್ನೂ ಸಮಪಾಲಿನಲ್ಲಿ ಮಾಡಬೇಕೆಂದು ಬರೆದಿದ್ದೀರಿ. ಯಾವ ಶೂ ಕೊಳ್ಳಲಿ ಎಂದೂ ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ನಾನು ಗೋಡೆಗೆ ಅಂಟಿಸಿಕೊಂಡಿದ್ದ ವೇಳಾಪಟ್ಟಿಯನ್ನು ಯಾರೋ ತೆಗೆದು ನಿಮ್ಮ ಕೈಗೆ ಕೊಟ್ಟಂತಿದೆ. ನನ್ನ ಪಟ್ಟಿ 38ನೆಯ ದಿನದವರೆಗೆ ನಡೆಯಿತು.

ಸೋಮವಾರ ಮತ್ತು ಗುರುವಾರ ಓಟ, ಮಂಗಳವಾರ ಮತ್ತು ಶುಕ್ರವಾರ ಸೈಕಲ್, ಬುಧವಾರ ಮತ್ತು ಶನಿವಾರ ಓರಿಯೆಂಟಿಯರಿಂಗ್, ಭಾನುವಾರ ಇವುಗಳಲ್ಲಿ ಮನಸ್ಸಿಗೆ ಬಂದದ್ದು. ಶನಿವಾರದ ಕಾಡು ಮಧ್ಯಾಹ್ನಕ್ಕೆ, ಉಳಿದ ಕೆಲಸದ ದಿನಗಳೆಲ್ಲ ಸಂಜೆ 5.30ಕ್ಕೆ. ಈ 5.30 ಎಂಬ ಅಂಕಿಯ ಬಗ್ಗೆ ನನಗೆ ಆಗ ಬಹಳ ಹೆಮ್ಮೆಯಿತ್ತು. ಮಳೆ ಬಂದರೂ, ಗಾಳಿ ಬೀಸಿದರೂ, ಮೀಟಿಂಗ್ ಎಳೆದರೂ 5.30ಕ್ಕೆ ನಾನು ಬಾಗಿಲಾಚೆ ಇರುತ್ತಿದ್ದೆ. ಶಿಸ್ತು ಎಂದರೆ ಇದೇ ಎಂದು ನಂಬಿದ್ದೆ.

ಅಕ್ಟೋಬರ್ ಎರಡನೆಯ ವಾರದ ಆ ಬುಧವಾರವೂ ಹಾಗೆಯೇ ಹೊರಟೆ. 9 ಕಿ.ಮೀ. ಸೈಕಲ್ ತುಳಿದು, 6 ಗಂಟೆಗೆ ಕಾಡಿನ ಅಂಚಿನಲ್ಲಿ ಅದನ್ನು ನಿಲ್ಲಿಸಿ ಬೀಗ ಹಾಕಿದೆ. ಕೈಯಲ್ಲಿದ್ದದ್ದು ಹಳೆಯ ಸ್ಪರ್ಧೆಯೊಂದರ ನಕ್ಷೆ: 1:10,000 ಪ್ರಮಾಣ, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 100 ಮೀಟರ್; ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂಟೂರ್ ರೇಖೆಗಳ ನಡುವಿನ ಎತ್ತರದ ಅಂತರ 5 ಮೀಟರ್; ನೇರಳೆ ಬಣ್ಣದ ವೃತ್ತಗಳಲ್ಲಿ, ಒಂದೊಂದಾಗಿ ಹುಡುಕಿ ತಲುಪಬೇಕಾದ ಜಾಗಗಳಾದ ಎಂಟು ಕಂಟ್ರೋಲ್‌ಗಳು. ಸ್ಪರ್ಧೆಯ ದಿನವಾದರೆ ಪ್ರತಿ ಕಂಟ್ರೋಲ್‌ನಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ 30 ಸೆಂ.ಮೀ. ಚೌಕದ ಬಾವುಟವೊಂದು ತೂಗುತ್ತಿರುತ್ತದೆ, ಅದರ ಮೇಲಿನ ಸಂಕೇತಸಂಖ್ಯೆಯನ್ನು ನೋಡಿದರೆ ಸರಿಯಾದ ಜಾಗಕ್ಕೆ ಬಂದೆವೋ ಇಲ್ಲವೋ ತಿಳಿಯುತ್ತದೆ. ಒಬ್ಬರೇ ಅಭ್ಯಾಸಕ್ಕೆ ಹೋದಾಗ ಬಾವುಟ ಇರುವುದಿಲ್ಲ. ಬಂಡೆಯನ್ನು ಬಂಡೆಯೆಂದೂ ಕಣಿವೆಯನ್ನು ಕಣಿವೆಯೆಂದೂ ನಾವೇ ಗುರುತಿಸಿ ಮುಂದೆ ಹೋಗಬೇಕು, ತಪ್ಪಿದರೆ ತಿದ್ದುವವರು ಯಾರೂ ಇರುವುದಿಲ್ಲ.

ನಾಲ್ಕು ಕಂಟ್ರೋಲ್‌ಗಳು ಸುಸೂತ್ರವಾಗಿ ಮುಗಿದವು. ಐದನೆಯದು ಗುಡ್ಡದ ಮೈಯಲ್ಲಿ ಒಳಸರಿದ ಒಂದು ಸಣ್ಣ ಕಣಿವೆಯಲ್ಲಿದ್ದ ಬಂಡೆ. ಕಾಲುದಾರಿಯೊಂದು ತಿರುಗುವ ಜಾಗದಲ್ಲಿ ನಿಂತು, ಅಲ್ಲಿಂದ ದಿಕ್ಸೂಚಿ ಹಿಡಿದು 150 ಮೀಟರ್ ಹೋದರೆ ಸಿಗಬೇಕಿತ್ತು. ಕಾಲುದಾರಿ ಸಿಗಲೇ ಇಲ್ಲ. ಎರಡು ವಾರಗಳ ಹಿಂದೆ ಸ್ಪಷ್ಟವಾಗಿ ಕಂಡಿದ್ದ ಅದು ಎಲೆಗಳ ಅಡಿಯಲ್ಲಿ ಹೂತುಹೋಗಿತ್ತು, ಬಹುಶಃ ನಾನು ಅದನ್ನು ತುಳಿದುಕೊಂಡೇ ದಾಟಿದೆ. ನಿಂತು ನೋಡಬೇಕಿತ್ತು, ನಾನು ಕೈಗಡಿಯಾರ ನೋಡಿದೆ. ಬೆಳಕು ಕಡಿಮೆಯಾದಾಗ ಕಣ್ಣು ಮೊದಲು ಕಳೆದುಕೊಳ್ಳುವುದು ಬಣ್ಣವನ್ನು, ಮತ್ತು ಈ ನಕ್ಷೆಗಳಲ್ಲಿ ಕಂಟೂರ್ ರೇಖೆಗಳು ಕಂದು ಬಣ್ಣದಲ್ಲಿರುತ್ತವೆ. ಆದ್ದರಿಂದ ಗುಡ್ಡದ ಆಕಾರ ನೆಲದ ಮೇಲೂ ಕಾಗದದ ಮೇಲೂ ಒಟ್ಟೊಟ್ಟಿಗೆ ಮಸುಕಾಗುತ್ತಿತ್ತು. ಕಣಿವೆಯೊಂದು ಕಂಡಿತು, ಅದರಲ್ಲಿ ಬಂಡೆಯೂ ಇತ್ತು. ನಕ್ಷೆ ಹೇಳಿದ್ದಕ್ಕಿಂತ ಬಂಡೆ ಚಿಕ್ಕದು, ಕಣಿವೆ ಬೇರೆ ದಿಕ್ಕಿಗೆ ವಾಲಿದೆ ಎಂದು ಮನಸ್ಸಿನ ಮೂಲೆಯೊಂದು ಹೇಳುತ್ತಿದ್ದರೂ, ಇದೇ ಇರಬೇಕೆಂದು ತೀರ್ಮಾನಿಸಿ ಆರನೆಯದಕ್ಕೆ ದಿಕ್ಕು ಹಿಡಿದೆ. ಅಕ್ಕಪಕ್ಕದ ಎರಡು ಒಂದೇ ರೀತಿಯ ಆಕಾರಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವ ಈ ತಪ್ಪು ಓರಿಯೆಂಟಿಯರಿಂಗ್‌ನಲ್ಲಿ ಎಲ್ಲರೂ ಮಾಡುವಂಥದ್ದು. ಹಗಲಿನಲ್ಲಿ ಅದಕ್ಕೆ ತೆರುವ ಬೆಲೆ ಐದು ನಿಮಿಷ. ನಾನು ತಪ್ಪು ಕಣಿವೆಯಿಂದ ಸರಿಯಾದ ದಿಕ್ಕಿಗೆ ಇಳಿದೆ, ಎಲೆ ತುಂಬಿ ನೆಲದ ಮಟ್ಟಕ್ಕೇ ಬಂದಿದ್ದ ಹಳೆಯ ಕಾಲುವೆಯೊಂದರಲ್ಲಿ ಎಡಗಾಲು ಮೊಣಕಾಲಿನವರೆಗೆ ಇಳಿಯಿತು, ಪಾದ ಒಳಮುಖವಾಗಿ ತಿರುಚಿಕೊಂಡಿತು.

ದೀಪ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು, ಸೈಕಲ್ಲಿನ ಹ್ಯಾಂಡಲ್ ಮೇಲೆ. ಫೋನು ಸೈಕಲ್ಲಿನ ಚೀಲದಲ್ಲಿ. ಕಾಡಿನ ದಕ್ಷಿಣಕ್ಕೆ ರಸ್ತೆಯಿದೆಯೆಂಬ ಒಂದೇ ನೆಚ್ಚಿಕೆಯಿಂದ ದಿಕ್ಸೂಚಿಯನ್ನು ಮುಖಕ್ಕೆ ಹಿಡಿದುಕೊಂಡು, ಮರದಿಂದ ಮರಕ್ಕೆ ಕುಂಟುತ್ತಾ, ವಾಹನಗಳ ಸದ್ದಿನ ಕಡೆಗೆ 600 ಮೀಟರ್ ಬರಲು ನನಗೆ ಒಂದು ಗಂಟೆಗಿಂತ ಹೆಚ್ಚು ಬೇಕಾಯಿತು. ಪಾದದ ಕೀಲಿನ ಹೊರಬದಿಯ ಅಸ್ಥಿರಜ್ಜು ಅರ್ಧ ಹರಿದಿತ್ತು. ಏಳು ವಾರ ಓಟವಿಲ್ಲ. ನಾನು ಮತ್ತೆ ಓಡುವ ಹೊತ್ತಿಗೆ ಡಿಸೆಂಬರ್ ಬಂದಿತ್ತು, ಮರಗಳಲ್ಲಿ ಒಂದೂ ಎಲೆಯಿರಲಿಲ್ಲ.

ಈಗ ತಪ್ಪು ಯಾವುದು ಎಂಬ ವಿಷಯ. ಇದನ್ನು ಕೇಳಿದವರೆಲ್ಲ ಎಲೆಗಳನ್ನು ದೂರುತ್ತಾರೆ, ಕೆಲವರು ಶೂಗಳನ್ನು, ಇನ್ನು ಕೆಲವರು ದೀಪ ಮರೆತದ್ದನ್ನು. ದಿನವೂ ವ್ಯಾಯಾಮ ಮಾಡಿದ್ದೇ ಅತಿಯಾಯಿತು ಎನ್ನುವವರೂ ಇದ್ದಾರೆ. ನನ್ನ ಉತ್ತರ ಎಂದಿಗೂ ಒಂದೇ: ನಾನು ದಿನಚರಿಯನ್ನು ಗಡಿಯಾರಕ್ಕೆ ಕಟ್ಟಿದ್ದೆ, ಸೂರ್ಯನಿಗೆ ಕಟ್ಟಿರಲಿಲ್ಲ. ಅದೇ ಕಾಡಿಗೆ ಎರಡು ವಾರಗಳ ಹಿಂದಿನ ಬುಧವಾರ ಹೋಗಿದ್ದಾಗ ಸೂರ್ಯಾಸ್ತ 6.45ಕ್ಕೆ, ಈ ಬುಧವಾರ 6.14ಕ್ಕೆ. ಎರಡೂ ದಿನ ನಾನು ಕಾಡಿನೊಳಗೆ ಕಾಲಿಟ್ಟದ್ದು ಆರಕ್ಕೇ. ಮೊದಲ ಸಲ ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಬಾಕಿಯಿತ್ತು, ಎರಡನೆಯ ಸಲ ಕಾಲು ಗಂಟೆಯೂ ಇರಲಿಲ್ಲ. ನನ್ನ ಸುತ್ತಿಗೆ ಬೇಕಾದದ್ದು 50 ನಿಮಿಷ. ನಡುವಿನ ಬುಧವಾರ ನಾನು ಮರಗಳಿಲ್ಲದ, ನಕ್ಷೆಯಲ್ಲಿ ಹಳದಿಯಾಗಿ ಕಾಣುವ ಬಯಲಿಗೆ ಹೋಗಿದ್ದರಿಂದ ಬೆಳಕು ಕುಗ್ಗಿದ್ದು ಗಮನಕ್ಕೇ ಬಂದಿರಲಿಲ್ಲ.

ಈ ನಷ್ಟ ಕಣ್ಣಿಗೆ ಬೀಳದ ಹಾಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಸಮನಾಗುವ ಸೆಪ್ಟೆಂಬರ್ 22 ಅಥವಾ 23ರ ವಿಷುವತ್ತಿನ ಆಸುಪಾಸಿನಲ್ಲಿ ಹಗಲು ಅತ್ಯಂತ ವೇಗವಾಗಿ ಕುಗ್ಗುತ್ತದೆ: 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ದಿನಕ್ಕೆ ಎರಡೂವರೆ ನಿಮಿಷಕ್ಕಿಂತ ತುಸು ಹೆಚ್ಚು, 50 ಡಿಗ್ರಿಯಲ್ಲಿ ಸುಮಾರು 4 ನಿಮಿಷ, 60 ಡಿಗ್ರಿಯಲ್ಲಿ ಐದೂವರೆ ನಿಮಿಷದ ಆಸುಪಾಸು. ಇದು ಬೆಳಗಿಗೂ ಸಂಜೆಗೂ ಸಮನಾಗಿ ಹಂಚಿಹೋಗುವುದಿಲ್ಲ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದ ಮತ್ತು ಅದರ ಅಕ್ಷ ವಾಲಿರುವುದರಿಂದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸೂರ್ಯ ನೆತ್ತಿಗೆ ಬರುವ ಸಮಯವೇ ದಿನದಿನಕ್ಕೆ ಮುಂಚಿತವಾಗುತ್ತಾ ಹೋಗುತ್ತದೆ. ಹಾಗಾಗಿ ಸಂಜೆ ಕಳೆದುಕೊಳ್ಳುವುದು ಬೆಳಗು ಕಳೆದುಕೊಳ್ಳುವುದಕ್ಕಿಂತ ಹೆಚ್ಚು. ದಿನಕ್ಕೆ ಎರಡು ನಿಮಿಷದ ಬದಲಾವಣೆ ಯಾರನ್ನೂ ಎಚ್ಚರಿಸುವುದಿಲ್ಲ. ಆದರೆ ಒಂದೇ ಕಾಡಿಗೆ ಎರಡು ವಾರಕ್ಕೊಮ್ಮೆ ಹೋಗುವವನಿಗೆ ಅದು ಅರ್ಧ ಗಂಟೆಯಾಗಿ ಒಮ್ಮೆಗೇ ಎದುರಾಗುತ್ತದೆ. ಸೂರ್ಯಾಸ್ತದ ನಂತರವೂ ಅರ್ಧ ಗಂಟೆ ಸಂಧ್ಯಾಬೆಳಕು ಇರುತ್ತದಲ್ಲ ಎಂದು ಲೆಕ್ಕ ಹಾಕಬೇಡಿ. ಆ ಅರ್ಧ ಗಂಟೆ ಬಯಲಿನವರದು, ಮರಗಳ ಅಡಿಯಲ್ಲಿ, ಅದರಲ್ಲೂ ಮೋಡವಿದ್ದ ದಿನ, ಅದು ಇಲ್ಲವೆಂದೇ ತಿಳಿಯಿರಿ. ಯೂರೋಪಿನಂತೆ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುವ ಕಡೆ ನೀವಿದ್ದರೆ, ನಿಮ್ಮ 5.30 ಒಂದೇ ರಾತ್ರಿಯಲ್ಲಿ ಕತ್ತಲೆಗೆ ಬೀಳುತ್ತದೆ.

ಆದ್ದರಿಂದ, ಮೂರನ್ನೂ ಸಮನಾಗಿ ಹಂಚುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವು ಸಮಾನವಲ್ಲ. ಓಟ ಮತ್ತು ಸೈಕಲ್ ದೇಹದ ಕೆಲಸ; ದಣಿದ ತಲೆಯೂ ಪರಿಚಿತ ದಾರಿಯಲ್ಲಿ ಅವನ್ನು ನಿಭಾಯಿಸುತ್ತದೆ. ಓರಿಯೆಂಟಿಯರಿಂಗ್ ಓಡುತ್ತಾ ಓದುವ ಕೆಲಸ, ಓದಲು ಬೆಳಕು ಬೇಕು. ವಾರದಲ್ಲಿ ಅದಕ್ಕೆ ಒಂದು ದಿನ ಸಾಕು, ಹೆಚ್ಚೆಂದರೆ ಎರಡು, ಅದೂ ರಜೆಯ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ. ಉಳಿದ ದಿನಗಳ ಉಳಿದ ಬೆಳಕನ್ನು ಓಟವೂ ಸೈಕಲ್ಲೂ ಹಂಚಿಕೊಳ್ಳಲಿ. ಹೆಡ್‌ಲ್ಯಾಂಪ್ ಕೊಂಡರೆ ಸಂಜೆಯೂ ಕಾಡಿಗೆ ಹೋಗಬಹುದಲ್ಲ ಎಂದು ಸಲಹೆ ಕೊಡುವವರು ಸಿಗುತ್ತಾರೆ. ರಾತ್ರಿಯ ಓರಿಯೆಂಟಿಯರಿಂಗ್ ಎಂಬುದು ಈ ಆಟದ ಪ್ರತ್ಯೇಕ ಶಾಖೆ. ದೀಪ ಕಾಲಡಿಯ ಬೇರನ್ನು ತೋರಿಸುತ್ತದೆ, ಎದುರಿನ ಗುಡ್ಡದ ಏಣನ್ನು ತೋರಿಸುವುದಿಲ್ಲ. ಹಗಲಿನಲ್ಲಿ ಕಾಡು ಓದಲು ಕಲಿಯದವರು ಅದನ್ನು ಒಬ್ಬರೇ ಆರಂಭಿಸುವುದು ನನ್ನ ದೃಷ್ಟಿಯಲ್ಲಿ ಅವಿವೇಕ. ಆದರೂ ಹಗಲಿನಲ್ಲಿ ಹೋಗುವಾಗಲೂ ಪುಟ್ಟ ದೀಪ, ಫೋನು, ಸೀಟಿ ಈ ಮೂರೂ ಮೈಮೇಲೆ ಇರಲಿ, ಸೈಕಲ್ಲಿನ ಮೇಲೆ ಅಲ್ಲ.

ಹಾಗೆಂದು ಈ ಕಾಲದಲ್ಲಿ ಕಾಡಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹಗಲಿನ ಕಾಡಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನಕ್ಷೆಯಲ್ಲಿ ಬಿಳಿಯೆಂದರೆ ಸರಾಗವಾಗಿ ಓಡಬಹುದಾದ ಕಾಡು, ಹಸಿರು ದಟ್ಟವಾದಷ್ಟೂ ಓಡುವುದು ಕಷ್ಟ. ಪೊದೆಗಳ ಎಲೆ ಉದುರಿ ಜರೀಗಿಡಗಳು ಒಣಗಿ ಮಲಗಿದಾಗ ಬೇಸಿಗೆಯ ಹಸಿರು ಪಟ್ಟಿಗಳೊಳಗೂ ದೃಷ್ಟಿ ದೂರದವರೆಗೆ ಹೋಗುತ್ತದೆ, ಗುಡ್ಡದ ಆಕಾರ ಬಿಚ್ಚಿಟ್ಟಂತೆ ಕಾಣುತ್ತದೆ. ಸಾರ್ವಜನಿಕರಿಗಾಗಿ ನಡೆದ ಮೊದಲ ಓರಿಯೆಂಟಿಯರಿಂಗ್ ಸ್ಪರ್ಧೆ ನಾರ್ವೆಯಲ್ಲಿ 1897ರ ಅಕ್ಟೋಬರ್ 31ರಂದು ನಡೆದದ್ದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಕಾಲುದಾರಿಗಳನ್ನು ಮಾತ್ರ ನಂಬಬೇಡಿ. ಎಲೆಗಳು ಅವನ್ನು ಮುಚ್ಚುತ್ತವೆ, ಗುಡ್ಡವನ್ನು ಮುಚ್ಚಲಾರವು. ಕಂಟೂರ್ ನೋಡಿ ಓಡಲು ಕಲಿಯಲು ಇದೇ ಸಮಯ.

ಸೈಕಲ್ ಬಗ್ಗೆ ಎರಡು ಮಾತು. ಒದ್ದೆ ಎಲೆಗಳ ಮೇಲೆ ತಿರುವಿನಲ್ಲಿ ಬ್ರೇಕ್ ಹಿಡಿಯಬೇಡಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಸೈಕಲ್ಲನ್ನು ವಾಲಿಸದೆ ದಾಟಿ, ಎಲೆರಾಶಿಯ ಅಡಿಯಲ್ಲಿ ಗುಂಡಿಯಿದೆ ಎಂದೇ ಭಾವಿಸಿ. ಸಂಜೆಯ ಸೂರ್ಯ ನಿಮ್ಮ ಬೆನ್ನಿಗಿದ್ದು ನೆರಳು ಮುಂದಕ್ಕೆ ಉದ್ದವಾಗಿ ಬಿದ್ದಿದ್ದರೆ, ನಿಮಗೆ ರಸ್ತೆ ಚೆನ್ನಾಗಿ ಕಾಣುತ್ತದೆ, ಎದುರಿನಿಂದ ಬರುವ ಚಾಲಕನಿಗೆ ನೀವು ಕಾಣುವುದಿಲ್ಲ. ಆಗಲೂ ಮುಂದಿನ ದೀಪ ಉರಿಯುತ್ತಿರಲಿ. ಗಾಳಿಯ ಉಷ್ಣತೆ 5 ಡಿಗ್ರಿಯಿದ್ದು ನೀವು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗೆ ಹತ್ತಿರವೆನಿಸುತ್ತದೆ, ಆದ್ದರಿಂದ ಕೈಗವಸು ಮೊದಲು, ದಪ್ಪ ಅಂಗಿ ಆಮೇಲೆ. ಓಟಕ್ಕೆ ಇದರ ತದ್ವಿರುದ್ಧ: ಬಾಗಿಲಲ್ಲಿ ನಿಂತಾಗ ತುಸು ಚಳಿಯೆನಿಸಿದರೆ ಬಟ್ಟೆ ಸರಿಯಾಗಿದೆ.

ಒಂದು ದಿನವೂ ತಪ್ಪಿಸಬಾರದೆಂಬ ನಿಮ್ಮ ಹಟವನ್ನು ನಾನು ತಡೆಯುವುದಿಲ್ಲ, ನನ್ನಲ್ಲೂ ಅದು ಇನ್ನೂ ಇದೆ. ಕಾಲು ಗಂಟೆಯ ನಿಧಾನ ಓಟವನ್ನೂ ಒಂದು ದಿನವೆಂದು ಎಣಿಸಿ; ಇಲ್ಲವಾದರೆ 38 ಎಂಬ ಸಂಖ್ಯೆಯನ್ನು 39 ಮಾಡುವ ಆಸೆಗೆ ನೀವೂ ಕಾಡಿನ ಅಂಚಿನಿಂದ ಹಿಂದಿರುಗಲಾರಿರಿ. ನನ್ನ ಗೋಡೆಯ ಮೇಲೆ ಈಗ ಗಂಟೆಗಳಿಲ್ಲ. ಪ್ರತಿ ವಾರದ ಸೂರ್ಯಾಸ್ತದ ಸಮಯ ಬರೆದಿರುತ್ತೇನೆ, ಕಾಡಿನ ದಿನ ಅದಕ್ಕೆ ಎರಡು ಗಂಟೆ ಮುಂಚೆ ಸುತ್ತು ಮುಗಿದಿರಬೇಕು, ಸೈಕಲ್ ದಿನ ಅದರ ಹೊತ್ತಿಗೆ ಮನೆಯಲ್ಲಿರಬೇಕು, ಓಟ ಮಾತ್ರ ಅದನ್ನು ದಾಟಬಹುದು, ಅದೂ ದೀಪವಿರುವ ರಸ್ತೆಯಲ್ಲಿ.

ಮರುವರ್ಷ ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ 11ಕ್ಕೆ ಅದೇ ನಕ್ಷೆ ಹಿಡಿದು ಹೋಗಿ ಐದನೆಯ ಕಂಟ್ರೋಲ್ ಹುಡುಕಿದೆ. ಬಂಡೆ ನನ್ನೆತ್ತರಕ್ಕಿತ್ತು. ಹಿಂದಿನ ವರ್ಷ ನಾನು ನಿಂತಿದ್ದ ಕಣಿವೆ ಅಲ್ಲಿಂದ ಒಂದೇ ಏಣಿನ ಆಚೆಗೆ, ಸುಮಾರು 120 ಮೀಟರ್ ದೂರದಲ್ಲಿ, ಮರಗಳ ನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು.

ಶೂ ವಿಷಯ: ಕಾಡಿಗೆ ಅಡಿಯಲ್ಲಿ ಆಳವಾದ ರಬ್ಬರ್ ಗುಬುಟುಗಳಿರುವ, ನೀರು ಬೇಗ ಸೋರಿಹೋಗುವ ಹಗುರವಾದ ಜೋಡಿ, ರಸ್ತೆಗೆ ಈಗ ನಿಮ್ಮ ಬಳಿ ಇರುವುದೇ ಸಾಕು.