ಡ್ರಾಯಿಂಗ್ ಕೊಟ್ಟರೆ ಕಂಪ್ಯೂಟರೇ ಫಾಲ್ಟ್ ಟ್ರೀ ಕಟ್ಟುತ್ತದೆಯೇ?

ಕಡೇಚೂರಿನ ಔಷಧ ಘಟಕದ ರಿಯಾಕ್ಟರಿಗೆ ಫಾಲ್ಟ್ ಟ್ರೀ (ಒಂದು ಅವಘಡದ ಕಾರಣಗಳನ್ನು ಮರದ ಹಾಗೆ ಕವಲೊಡೆಸಿ ತೋರಿಸುವ ನಕ್ಷೆ) ಬೇಕು, ಪಿ ಅಂಡ್ ಐಡಿ (ಪೈಪು, ವಾಲ್ವು, ಮೀಟರುಗಳ ಡ್ರಾಯಿಂಗ್) ಕೊಟ್ಟರೆ ಸಾಫ್ಟ್‌ವೇರ್ ತಾನೇ ಕಟ್ಟುತ್ತದೆಯೇ ಅಂತ ಕೇಳಿದ್ದೀರಿ. ಅರ್ಧ ಕಟ್ಟುತ್ತದೆ ನೋಡ್ರಿ. ಲೆಕ್ಕ ಪೂರ್ತಿ ಅದಕ್ಕೇ ಬಿಡಿ, ಟ್ರೀ ಮಾತ್ರ ಬಿಡಬೇಡಿ.

ಈ ಪ್ರಯತ್ನ ಹಳೆಯದು. ಯಾವುದು ಏರಿದರೆ ಯಾವುದು ಇಳಿಯುತ್ತದೆ ಎಂಬ ಬಾಣಗಳ ನಕ್ಷೆಯಿಂದ ಟ್ರೀ ತೆಗೆಯುವ ವಿಧಾನವನ್ನು ಲ್ಯಾಪ್ ಮತ್ತು ಪವರ್ಸ್ ಎಂಬ ಸಂಶೋಧಕರು 1977ರಲ್ಲೇ ಪ್ರಕಟಿಸಿದ್ದರು. ಪ್ರೋಗ್ರಾಂ ಎಡವುವುದು ಕಂಟ್ರೋಲ್ ಲೂಪಿನಲ್ಲಿ: ತಾಪ ಏರಲು ವಾಲ್ವ್ ಕಾರಣ, ವಾಲ್ವ್ ಮುಚ್ಚಲು ತಾಪವೇ ಕಾರಣ. ಹಾಗೇ ಬಿಟ್ಟರೆ ಅದು ಅಲ್ಲೇ ಗಿರಕಿ ಹೊಡೆಯುತ್ತದೆ. ಅದಕ್ಕೇ ಲೂಪಿಗೆ ಅವರು ಬೇರೆ ನಿಯಮ ಇಟ್ಟರು.

ನೀವು ಹೀಗೆ ಮಾಡಿ. ಟಾಪ್ ಇವೆಂಟನ್ನು, ಅಂದರೆ ಮರದ ತುದಿಯಲ್ಲಿರುವ ಅವಘಡವನ್ನು, ಬಿಗಿಯಾಗಿ ಬರೆಯಿರಿ. ‘ರಿಯಾಕ್ಟರ್ ಅಪಘಾತ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಬ್ಯಾಚ್ ನಡೆಯುವಾಗ ಜಾಕೆಟ್ಟಿಗೆ (ರಿಯಾಕ್ಟರ್ ಸುತ್ತಲಿನ ನೀರಿನ ಕವಚಕ್ಕೆ) ನೀರು ಬರುವುದು ನಿಲ್ಲುವುದು’ ಅನ್ನಿ. ಆಮೇಲೆ ಪ್ರತಿ ಬೇಸಿಕ್ ಇವೆಂಟಿಗೆ (ಮತ್ತೆ ಒಡೆಯದ ಮೂಲ ಕಾರಣಕ್ಕೆ) ಒಂದೇ ಕೋಡ್, ಅದು ಎಷ್ಟು ಕಡೆ ಬಂದರೂ.

ಅತಿ ಹೆಚ್ಚು ಕೆಡುವುದು ಇಲ್ಲೇ. ಎರಡು ಪಂಪಿವೆ, ಎರಡೂ ನಿಂತರೆ ಮಾತ್ರ ನೀರು ನಿಲ್ಲುತ್ತದೆ, ಒಂದೊಂದು ಕೆಡುವ ಸಂಭವ 0.02, ಎರಡಕ್ಕೂ ಕರೆಂಟ್ ಕೊಡುವುದು ಒಂದೇ ಪ್ಯಾನಲ್, ಅದರದ್ದು 0.001 ಅಂತಿಟ್ಟುಕೊಳ್ಳಿ. ಪ್ಯಾನಲ್ಲಿಗೆ ಎರಡು ಕೋಡ್ ಕೊಟ್ಟರೆ 0.021 ಗುಣಿಸು 0.021, ಸುಮಾರು 0.00044 ಬರುತ್ತದೆ. ಒಂದೇ ಕೋಡ್ ಕೊಟ್ಟರೆ 0.0014. ಮೂರು ಪಟ್ಟಿಗೂ ಹೆಚ್ಚು! ಎಕ್ಸೆಲ್ಲಿನಲ್ಲಿ ಗೇಟಿನಿಂದ ಗೇಟಿಗೆ (ಕಾರಣಗಳು ಕೂಡುವ ಕವಲಿನಿಂದ ಕವಲಿಗೆ) ಗುಣಿಸುತ್ತ ಹೋದರೂ ಇದೇ ತಪ್ಪು. ಉಚಿತವಾಗಿ ಸಿಗುವ ಸ್ಕ್ರ್ಯಾಮ್ ತರಹದ ಪ್ರೋಗ್ರಾಂ ಮಿನಿಮಲ್ ಕಟ್ ಸೆಟ್ (ಒಟ್ಟಿಗೆ ಆದರೆ ಟಾಪ್ ಇವೆಂಟ್ ಆಗಿಯೇ ತೀರುವ, ಒಂದನ್ನೂ ಬಿಡಲಾಗದ ಕಾರಣಗಳ ಗುಂಪು) ತೆಗೆದು ಸರಿಯಾಗಿ ಲೆಕ್ಕ ಹಾಕುತ್ತದೆ. ಒಂಟಿ ಇವೆಂಟಿನ ಕಟ್ ಸೆಟ್‌ಗಳನ್ನೇ ಮೊದಲು ಓದಿ. ತಾಪ ಮಿತಿ ಮೀರುವುದಕ್ಕೆ ಬೇರೆ ಟ್ರೀ ಮಾಡಿದಾಗ, ಕಂಟ್ರೋಲಿಗೂ ಟ್ರಿಪ್ಪಿಗೂ (ಅಪಾಯ ಕಂಡರೆ ತಾನೇ ನಿಲ್ಲಿಸುವ ವ್ಯವಸ್ಥೆಗೂ) ಒಂದೇ ಸೆನ್ಸರ್ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಡ್ರಾಯಿಂಗಿನಲ್ಲಿ ಇಲ್ಲದ್ದು ಕಂಪ್ಯೂಟರಿಗೆ ಕಾಣದು. ಕರೆಂಟ್ ಹೋಗಿ ಜನರೇಟರ್ ಬಂತು, ಆದರೆ ಪಂಪಿನ ಸ್ಟಾರ್ಟರಿನ ಕಾಂಟ್ಯಾಕ್ಟರ್ (ಕರೆಂಟ್ ಹೋದರೆ ಬಿಟ್ಟುಕೊಳ್ಳುವ ಸ್ವಿಚ್) ಬಿಟ್ಟುಕೊಂಡಿದೆ. ಯಾರಾದರೂ ಬಟನ್ ಒತ್ತುವತನಕ ನೀರಿಲ್ಲ. ಬೈಪಾಸ್ ಮಾಡಿಟ್ಟ ಟ್ರಿಪ್ಪೂ ಹಾಗೇ. ಇವನ್ನು ಆಪರೇಟರ್, ಎಲೆಕ್ಟ್ರಿಷಿಯನ್ ಇಬ್ಬರನ್ನೂ ಕೂರಿಸಿಕೊಂಡೇ ಕೇಳಬೇಕು.

ಇನ್ನೊಂದು: ‘ವರ್ಷಕ್ಕೆ ಇಷ್ಟು ಸಲ’ ಎಂಬ ಎರಡು ಸಂಖ್ಯೆಗಳನ್ನು ಆಂಡ್ ಗೇಟಿನಲ್ಲಿ (ಎಲ್ಲ ಕಾರಣಗಳೂ ಒಟ್ಟಿಗೆ ಆಗಬೇಕಾದ ಕವಲಿನಲ್ಲಿ) ಗುಣಿಸಬೇಡಿ. ಒಂದು ಸಂಖ್ಯೆ ಮಾತ್ರ ಸಲಗಳ ಲೆಕ್ಕ, ಮಿಕ್ಕವು ಸಂಭವ ಆಗಿರಬೇಕು. ಒಳಗೇ ಅಡಗಿರುವ ದೋಷವಾದರೆ ಕೆಡುವ ದರವನ್ನು ಪರೀಕ್ಷೆಯ ಅಂತರದಿಂದ ಗುಣಿಸಿ ಅರ್ಧ ಮಾಡಿ: ವರ್ಷಕ್ಕೆ 0.05, ವರ್ಷಕ್ಕೊಮ್ಮೆ ಪರೀಕ್ಷೆ ಅಂದರೆ 0.025. ಪರೀಕ್ಷೆ ಎರಡು ವರ್ಷಕ್ಕೊಮ್ಮೆ ಆದರೆ 0.05. ಅಂತರವನ್ನು ಶೆಡ್ಯೂಲಿನಿಂದಲ್ಲ, ರಿಜಿಸ್ಟರಿನಿಂದ ತೆಗೆದುಕೊಳ್ಳಿ.