ಸತ್ತ ಮೇಲೆ ಅಂಗಾಂಗ ದಾನ ಮಾಡಬೇಕು ಅಂದರೆ ಈಗ ಏನು ಮಾಡಬೇಕು?

ಕರ್ನಾಟಕದಲ್ಲಾದರೆ ಅಂಗಾಂಗ ದಾನ ನೋಡಿಕೊಳ್ಳುವ ಸರ್ಕಾರದ ಜೀವಸಾರ್ಥಕತೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹೆಸರು ಬರೆಸಬಹುದು, ಅದು ಸುಲಭ. ಆದರೆ ದಾನಿ ಅಂತ ಸಿಗುವ ಕಾರ್ಡು ಸುಮ್ನೆ ಪರ್ಸಿನಲ್ಲಿದ್ದರೆ ಸಾಲದು. ಆಸ್ಪತ್ರೆಯಲ್ಲಿ ಕೊನೆಗೆ ಒಪ್ಪಿಗೆ ಕೇಳುವುದು ಮನೆಯವರನ್ನೇ, ಹಾಗಾಗಿ ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಅವರಿಗೆ ಹೇಳಿಬಿಡಿ. ಹೃದಯ, ಲಿವರ್‌ನಂಥವು ಸಿಗುವುದು ಹೆಚ್ಚಿನ ಮಟ್ಟಿಗೆ ಮಿದುಳು ಸತ್ತು, ವೆಂಟಿಲೇಟರ್ ಮೇಲೆ ಎದೆ ಇನ್ನೂ ಬಡಿಯುತ್ತಿರುವಾಗ; 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಒಪ್ಪಿದ್ದು ಅಂಥ ಹೊತ್ತಿನಲ್ಲೇ, ಎಷ್ಟು ದೊಡ್ಡ ಮನಸ್ಸು ಅಲ್ವಾ! ಕಣ್ಣಿನ ದಾನಕ್ಕೆ ವೆಂಟಿಲೇಟರ್ ಎಲ್ಲ ಬೇಕಿಲ್ಲ. ಮನೆಯಲ್ಲೇ ತೀರಿಕೊಂಡರೂ ಸುಮಾರು 6 ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬಂದು ತೆಗೆದುಕೊಳ್ಳುತ್ತಾರೆ. ಕನ್ನಡಕ ಹಾಕಿದವರೂ ಶುಗರ್ ಇದ್ದವರೂ ಕೊಡಬಹುದು. ಅವರು ಬರುವ ತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ.