ಕಾರ್ಡು ಒಂದೇ, ಫಲ ಮೂರು
ಆಟದಂಗಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಭವಿಷ್ಯ ಹೇಳುವುದನ್ನೇ ಆಟ ಮಾಡಿಕೊಂಡ ವಿಡಿಯೊ ಗೇಮ್‌ಗಳ ಬಗ್ಗೆ ಈ ಸಲ ಪ್ರಶ್ನೆಗಳು ಬಂದಿವೆ. ಹೆಚ್ಚಿನವು ಎರಡು ಆಟಗಳ ಸುತ್ತಲೇ ಇವೆ. ಒಂದು, ಸ್ಪೇನಿನ ವೆಲೆನ್ಸಿಯಾದ ಡಿಕನ್‌ಸ್ಟ್ರಕ್ಟೀಮ್ ತಂಡ 2023ರ ಆಗಸ್ಟ್‌ನಲ್ಲಿ ತಂದ ‘ದಿ ಕಾಸ್ಮಿಕ್ ವೀಲ್ ಸಿಸ್ಟರ್‌ಹುಡ್’. ಇನ್ನೊಂದು, ನ್ಯಾಮ್‌ಯಾಮ್ ತಂಡದ 2019ರ ‘ಆಸ್ಟ್ರೊಲೊಗಾಸ್ಟರ್’. ಕಥೆಯ ಕೊನೆಯ ಗುಟ್ಟುಗಳನ್ನು ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಬಹುದು.

ಪ್ರಶ್ನೆ: ಕಾಸ್ಮಿಕ್ ವೀಲ್ ಆಡುತ್ತಿದ್ದೇನೆ. ಯಾವ ಕಾರ್ಡು ತೆಗೆದರೂ ಒಂದೇ ಬಗೆಯ ಫಲಗಳು ಬರುತ್ತಿವೆ. ಕಾರ್ಡು ತಯಾರಿಸುವುದರಲ್ಲಿ ತಪ್ಪುತ್ತಿದ್ದೇನೆಯೇ? (ಶಿವಮೊಗ್ಗ)

ಆಟ ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಫೋರ್ಚುನಾ ಎಂಬ ಮಾಟಗಾತಿ ತನ್ನ ಪಂಥಕ್ಕೆ ಅಂತ್ಯ ಕಾದಿದೆ ಎಂದು ಟ್ಯಾರೊ ಎಂಬ ಚಿತ್ರದ ಕಾರ್ಡುಗಳನ್ನು ನೋಡಿ ಹೇಳುತ್ತಾಳೆ. ಅದಕ್ಕೆ ಪಂಥದ ನಾಯಕಿ ಏಡಾನಾ ಅವಳಿಗೆ ಸಾವಿರ ವರ್ಷದ ಗಡಿಪಾರು ವಿಧಿಸಿ, ಕಾರ್ಡುಗಳನ್ನು ಕಿತ್ತುಕೊಂಡು, ಒಂದು ಕ್ಷುದ್ರಗ್ರಹದ ಮೇಲಿನ ಮನೆಯಲ್ಲಿ ಕೂರಿಸುತ್ತಾಳೆ. ಇನ್ನೂರು ವರ್ಷ ಕಳೆದ ಮೇಲೆ ಫೋರ್ಚುನಾ ನಿಷಿದ್ಧ ಜೀವಿಯಾದ ಆಬ್ರಮಾರ್‌ನನ್ನು ಕರೆಸಿಕೊಂಡು ಒಪ್ಪಂದ ಮಾಡಿಕೊಳ್ಳುತ್ತಾಳೆ, ಹೊಸ ಕಾರ್ಡುಕಟ್ಟು ಕಟ್ಟತೊಡಗುತ್ತಾಳೆ.

ನಿಮ್ಮ ತೊಂದರೆ ಇರುವುದು ಈ ಕಟ್ಟುವ ಹಂತದಲ್ಲೇ. ಒಂದು ಕಾರ್ಡಿಗೆ ಮೂರು ಭಾಗ: ಹಿನ್ನೆಲೆಯಾಗುವ ಸ್ಫಿಯರ್, ನಡುವಿನ ಮುಖ್ಯ ಚಿತ್ರವಾದ ಆರ್ಕಾನಾ, ಜೊತೆಗೆ ಸೇರುವ ಸಿಂಬಲ್. ಪ್ರತಿಯೊಂದಕ್ಕೂ ಬೆಂಕಿ, ನೀರು, ಗಾಳಿ, ಮಣ್ಣು ಎಂಬ ನಾಲ್ಕು ಶಕ್ತಿಗಳಲ್ಲಿ ಬೆಲೆ ಇದೆ. ಚಿತ್ರ ಚೆನ್ನಾಗಿದೆ ಎಂದು ಆರಿಸುತ್ತ ಹೋದರೆ ಗೊತ್ತಿಲ್ಲದಂತೆ ಇಡೀ ಕಟ್ಟು ಒಂದೇ ಧಾತುವಿನ ಕಡೆ ವಾಲುತ್ತದೆ. ಆಮೇಲೆ ಬರುವ ಫಲಗಳೂ ಅದೇ ದಿಕ್ಕು ಹಿಡಿಯುತ್ತವೆ.

ಹೊಸ ಕಾರ್ಡು ಮಾಡುವ ಮುನ್ನ ಕಟ್ಟನ್ನು ತೆರೆದು ಯಾವ ಧಾತು ಕಡಿಮೆ ಇದೆ ನೋಡಿ, ಮುಂದಿನ ಕಾರ್ಡನ್ನು ಅದಕ್ಕೇ ಮೀಸಲಿಡಿ. ಶಕ್ತಿ ಕೂಡಿಬರುವುದು ಬಂದವರಿಗೆ ಭವಿಷ್ಯ ಹೇಳಿದಾಗ. ಹಾಗಾಗಿ ಕೈಲಿದ್ದುದನ್ನೆಲ್ಲ ಒಂದೇ ದುಬಾರಿ ಕಾರ್ಡಿಗೆ ಸುರಿಯಬೇಡಿ. ಇನ್ನು ಚಿತ್ರಗಳನ್ನು ಹಿಗ್ಗಿಸುವುದು, ತಿರುಗಿಸುವುದು, ಒಂದರ ಹಿಂದೆ ಒಂದು ಅಡಗಿಸುವುದು, ಇದೆಲ್ಲ ಬರೀ ಅಂದಕ್ಕೆ. ಫಲ ನಿರ್ಧಾರವಾಗುವುದು ಯಾವ ಭಾಗ ಬಳಸಿದಿರಿ ಎಂಬುದರಿಂದ, ಎಲ್ಲಿಟ್ಟಿರಿ ಎಂಬುದರಿಂದಲ್ಲ. ಹಾಗೆಂದು ಜೋಡಿಸುವ ಸುಖ ಬಿಡಬೇಡಿ. ಅರ್ಧ ಮಜಾ ಅಲ್ಲೇ ಇದೆ.

ಪ್ರಶ್ನೆ: ಕಾಸ್ಮಿಕ್ ವೀಲ್‌ನಲ್ಲಿ ಗೆಳತಿಗೆ ಕೆಟ್ಟ ಭವಿಷ್ಯ ಹೇಳಿಬಿಟ್ಟೆ. ಹಿಂದೆ ಹೋಗಿ ತಿದ್ದಬಹುದೇ? ಸರಿಯಾದ ಉತ್ತರ ಯಾವುದು? (ದಾವಣಗೆರೆ)

ಸರಿಯುತ್ತರ ಎಂಬುದೇ ಈ ಆಟದಲ್ಲಿಲ್ಲ. ಕಾರ್ಡು ಬಿದ್ದಾಗ ಕಾಣುವ ಆಯ್ಕೆಗಳಲ್ಲಿ ಯಾವುದನ್ನು ಬಾಯಿಬಿಟ್ಟು ಹೇಳುತ್ತೀರೋ ಅದು ಮುಂದೆ ನಿಜವಾಗುತ್ತದೆ. ಉಳಿದವು ಆ ಕ್ಷಣಕ್ಕೇ ಸತ್ತಂತೆ. ಆಟ ತಾನಾಗಿ ಸೇವ್ ಆಗುವುದರಿಂದ ಹೇಳಿದ್ದನ್ನು ಹೊಟ್ಟೆಗೆ ಹಾಕಿಕೊಂಡು ಮುಂದೆ ಹೋಗಿ. ದ್ವಿತೀಯಾರ್ಧದಲ್ಲಿ ಪಂಥದ ಚುನಾವಣೆ ಬರುತ್ತದೆ, ಹಳೆಯ ಮಾತುಗಳ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ. ಬೇರೆ ಫಲ ನೋಡಲೇಬೇಕೆಂದರೆ ಮೊದಲಿಂದ ಇನ್ನೊಂದು ಆಟ ಆಡುವುದು ಲೇಸು.

ಪ್ರಶ್ನೆ: ಆಸ್ಟ್ರೊಲೊಗಾಸ್ಟರ್‌ನ ವೈದ್ಯ ನಿಜವಾಗಿ ಇದ್ದವನೇ? ಅವನು ನಕ್ಷತ್ರ ನೋಡುವ ಕ್ರಮ ನಮ್ಮ ಕಡೆಯ ಪ್ರಶ್ನೆ ಇಡಿಸುವುದಕ್ಕೆ ಹತ್ತಿರ ಅನ್ನಿಸಿತು. (ಮಂಗಳೂರು)

ಇದ್ದ. ಸೈಮನ್ ಫೋರ್‌ಮನ್, 1552ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಹುಟ್ಟಿ 1611ರಲ್ಲಿ ತೀರಿಕೊಂಡವನು. 1592ರ ಪ್ಲೇಗಿನಲ್ಲಿ ಲಂಡನ್ ಬಿಟ್ಟು ಓಡದೆ, ತನಗೇ ತಗುಲಿದ ರೋಗವನ್ನು ತಾನೇ ವಾಸಿಮಾಡಿಕೊಂಡು ಹೆಸರು ಮಾಡಿದ. ಲಂಡನ್ನಿನ ವೈದ್ಯರ ಕಾಲೇಜು ಪರವಾನಗಿ ಇಲ್ಲವೆಂದು ಅವನಿಗೆ ದಂಡ ಹಾಕಿತು, ಜೈಲಿಗೂ ಕಳಿಸಿತು. ಕೊನೆಗೆ 1603ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಪರವಾನಗಿ ಗಿಟ್ಟಿಸಿದ. ಆಟದಲ್ಲಿ ನೀವು ರೋಗಿಗಳಿಂದ ಶಿಫಾರಸು ಪತ್ರ ಒಟ್ಟುಮಾಡುವುದು ಇದೇ ಪರವಾನಗಿಗಾಗಿ.

ಅವನ ಮತ್ತು ಅವನ ಶಿಷ್ಯ ರಿಚರ್ಡ್ ನೇಪಿಯರ್‌ನ ದಾಖಲೆ ಪುಸ್ತಕಗಳಲ್ಲಿ ಸುಮಾರು 80,000 ಪ್ರಕರಣಗಳಿವೆ. ಕೇಂಬ್ರಿಜ್ ವಿದ್ವಾಂಸರು ಅವನ್ನು ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಒಂದೊಂದರಲ್ಲೂ ಕೇಳಿದವರ ಹೆಸರು, ವಯಸ್ಸು, ಕೇಳಿದ ದಿನ ಮತ್ತು ಗಳಿಗೆ, ಪ್ರಶ್ನೆ, ಇಷ್ಟರ ಕೆಳಗೆ ಗ್ರಹಗಳ ಚೌಕ. ಬೇರೆಯವರ ಪರವಾಗಿ ಯಾರಾದರೂ ಕೇಳಲು ಬಂದಿದ್ದರೆ, ಆ ರೋಗಿಯ ಒಪ್ಪಿಗೆ ಇದೆಯೋ ಇಲ್ಲವೋ ಎಂದೂ ಬರೆದಿಡುತ್ತಿದ್ದರು.

ನಿಮ್ಮ ಊಹೆ ಸರಿ. ಹುಟ್ಟಿದ ಹೊತ್ತು ಬೇಡ, ಕೇಳಿದ ಹೊತ್ತು ಸಾಕು: ಫೋರ್‌ಮನ್ ಪದ್ಧತಿಯ ತಿರುಳು ಇದು, ನಮ್ಮ ಪ್ರಶ್ನಜ್ಯೋತಿಷದ ತಿರುಳೂ ಇದೇ. ಆದರೆ ಕರಾವಳಿಯ ಅಷ್ಟಮಂಗಲ ಪ್ರಶ್ನೆಯಲ್ಲಿ ಗಳಿಗೆಯ ಜೊತೆ ಕವಡೆಯೂ ಮಾತಾಡುತ್ತದೆ. 108 ಕವಡೆಗಳನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿನಿಂದ ಎಂಟೆಂಟು ಕಳೆದು, ಉಳಿದ ಮೂರು ಅಂಕಿಗಳನ್ನು ಸಾಲಾಗಿಟ್ಟು ಓದುತ್ತಾರೆ. ಫೋರ್‌ಮನ್‌ಗೆ ಗಡಿಯಾರ ಮತ್ತು ಪಂಚಾಂಗ ಇದ್ದರೆ ಸಾಕಿತ್ತು.

ಆಡುವವರಿಗೆ ಒಂದು ಸುಳಿವು. ಇಲ್ಲಿ ನಿಮ್ಮ ಫಲ ಸತ್ಯವಾಗಬೇಕಿಲ್ಲ, ಕೇಳಿದವರಿಗೆ ಒಪ್ಪಿಗೆಯಾಗಬೇಕು. ಔಷಧದ ದೃಷ್ಟಿಯಿಂದ ಸರಿಯಾದ ಫಲ ಹೇಳಿ ರೋಗಿಯ ಮುಖ ಕೆಡಿಸಿದರೆ ಪತ್ರ ಕೈಗೆ ಬರುವುದಿಲ್ಲ. ನಕ್ಷತ್ರಗಳ ವಿವರಣೆಗಿಂತ, ಅವರು ಬಾಗಿಲಲ್ಲಿ ನಿಂತು ಆಡಿದ ಮೊದಲ ಎರಡು ವಾಕ್ಯಗಳಿಗೆ ಕಿವಿಗೊಡಿ.

ಪ್ರಶ್ನೆ: ಟ್ಯಾರೊ ಪ್ರಾಚೀನ ಈಜಿಪ್ಟಿನದಂತೆ, ಹೌದೇ? (ಬಳ್ಳಾರಿ)

ಅಲ್ಲ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಅದು ಶುದ್ಧ ಇಸ್ಪೀಟು, ಪಟ್ಟು ಗೆಲ್ಲುವ ಆಟ. ಭವಿಷ್ಯಕ್ಕೆ ಬಳಕೆಯಾಗಿ ಹಬ್ಬಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ, ಈಜಿಪ್ಟಿನ ಕಥೆ ಅಂಟಿಕೊಂಡದ್ದೂ ಆಗಲೇ. ಒಟ್ಟು 78 ಕಾರ್ಡು, ಅದರಲ್ಲಿ 22 ‘ದೊಡ್ಡ ಆರ್ಕಾನಾ’ ಎಂಬ ವಿಶೇಷ ಚಿತ್ರದ ಕಾರ್ಡುಗಳು. ಇಂದು ಎಲ್ಲೆಡೆ ಕಾಣುವ ಚಿತ್ರಗಳು ಪಮೆಲಾ ಕೋಲ್ಮನ್ ಸ್ಮಿತ್ 1909ರ ಕಟ್ಟಿಗಾಗಿ ಬರೆದವು. ಫ್ರಾನ್ಸಿನಲ್ಲಿ ಈಗಲೂ ಟ್ಯಾರೊ ಎಂದರೆ ಬಹಳ ಜನಕ್ಕೆ ನಾಲ್ಕು ಮಂದಿ ಕೂತು ಆಡುವ ಇಸ್ಪೀಟೇ.

ಪ್ರಶ್ನೆ: ಇಂಥ ಆಟಕ್ಕೆ ಕನ್ನಡದಲ್ಲಿ ಕಣಿ ಬರೆಯುತ್ತಿದ್ದೇನೆ. ಎಷ್ಟು ಬರೆದರೂ ದಿನಭವಿಷ್ಯದ ಕಾಲಂ ಹಾಗೆ ಆಗುತ್ತದೆ. ದ್ವಂದ್ವಾರ್ಥ ತರುವುದು ಹೇಗೆ? (ಧಾರವಾಡ)

ನೀವು ಮಸುಕಾಗಿ ಬರೆಯುತ್ತಿದ್ದೀರಿ. ದ್ವಂದ್ವವಾಗಿ ಬರೆಯಬೇಕು. ‘ನಿಮ್ಮ ಜೀವನದಲ್ಲಿ ದೊಡ್ಡ ಬದಲಾವಣೆ ಬರಲಿದೆ’ ಎನ್ನುವುದಕ್ಕೆ ಎರಡು ಅರ್ಥ ಇಲ್ಲ, ಒಂದೂ ಇಲ್ಲ. ನಿಜ ಬದುಕಿನಲ್ಲಿ ಇಂಥ ವಾಕ್ಯ ನಾಟುತ್ತದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 39 ವಿದ್ಯಾರ್ಥಿಗಳಿಗೆ ಒಂದೇ ಒಕ್ಕಣೆಯ ವ್ಯಕ್ತಿತ್ವ ವಿವರಣೆ ಕೊಟ್ಟು, ಅದು ನಿಮಗೆಂದೇ ಬರೆದದ್ದು ಎಂದಾಗ, ಅವರು ಅದಕ್ಕೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟಿದ್ದರು. ಕೇಳುವವರು ತಮ್ಮ ಬದುಕನ್ನೇ ತಂದು ಖಾಲಿ ಜಾಗ ತುಂಬಿಕೊಳ್ಳುತ್ತಾರೆ. ಆಟದ ಪಾತ್ರಕ್ಕೆ ನೀವು ಬರೆದಷ್ಟೇ ಬದುಕು. ತುಂಬಲು ಅಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಮಸುಕು ಮಾತು ಸಪ್ಪೆಯಾಗುತ್ತದೆ.

ಬದಲಿಗೆ ಇದನ್ನು ನೋಡಿ: ‘ಆ ಮನೆಯ ಬಾಗಿಲಿಗೆ ಬೀಗ ಹಾಕುವವರು ನೀವೇ.’ ಆಸ್ತಿ ಕೈಗೆ ಬಂದು ಬೀಗದಕೈ ಹಿಡಿದವರೂ ಬೀಗ ಹಾಕುತ್ತಾರೆ, ಎಲ್ಲರೂ ಹೋದಮೇಲೆ ಕೊನೆಗೆ ಉಳಿದವರೂ ಹಾಕುತ್ತಾರೆ. ಎರಡೂ ಕಣ್ಣಿಗೆ ಕಟ್ಟುವ ಚಿತ್ರಗಳು. ಒಳ್ಳೆಯ ಕಣಿಗೆ ಪರೀಕ್ಷೆ ಸರಳ: ಪಕ್ಕದಲ್ಲಿ ಎರಡು ಸಾಲು ಎಳೆದು, ಯಾವ ಯಾವ ಘಟನೆ ನಡೆದರೆ ಈ ಮಾತು ನಿಜವಾಗುತ್ತದೆ ಎಂದು ಒಂದೊಂದು ವಾಕ್ಯ ಬರೆಯಿರಿ. ಬರೆಯಲು ಆಗದಿದ್ದರೆ ಆ ಕಣಿಯನ್ನು ಹೊಡೆದುಹಾಕಿ.

ಕನ್ನಡದ ವ್ಯಾಕರಣವೇ ನಿಮಗೆ ನೆರವಾಗುತ್ತದೆ. ‘ಕರೆದ ಹುಡುಗಿ ಬರುವುದಿಲ್ಲ’ ಅಂದಾಗ ಕರೆದವಳು ಅವಳೋ, ಅವಳನ್ನು ಕರೆದದ್ದೋ? ‘ನಂಬಿದ ಅಣ್ಣ ಕೈಬಿಡುತ್ತಾನೆ’ ಎಂಬುದೂ ಹಾಗೇ. ‘ಶ್ರಾವಣದೊಳಗೆ ಅವರು ಊರು ಬಿಡುತ್ತಾರೆ’ ಎಂದರೆ ಅವರು ಒಬ್ಬರೋ ಹಲವರೋ, ಗಂಡೋ ಹೆಣ್ಣೋ, ಸಾಲ ಕೊಟ್ಟ ಸಾಹುಕಾರನೋ ಸಾಲ ಮಾಡಿದ ಅಪ್ಪನೋ, ಯಾವುದೂ ಬಿಟ್ಟುಕೊಡುವುದಿಲ್ಲ. ಕೇಳುವವರಿಗೆ ಮಾತ್ರ ಅನುಮಾನವೇ ಬರುವುದಿಲ್ಲ, ತಮ್ಮ ಮನಸ್ಸಿನಲ್ಲಿದ್ದವರೇ ಅವರು ಎಂದುಕೊಂಡು ಎದ್ದುಹೋಗುತ್ತಾರೆ. ಒಂದೇ ಆಟದಲ್ಲಿ ಈ ತಂತ್ರವನ್ನು ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬಳಸಬೇಡಿ. ಆಟಗಾರರು ಬೇಗ ಪತ್ತೆ ಹಚ್ಚುತ್ತಾರೆ.

ಕಾಸ್ಮಿಕ್ ವೀಲ್‌ನಿಂದ ಕದಿಯಬೇಕಾದ ಮುಖ್ಯ ಪಾಠ ಬೇರೆಯೇ ಇದೆ. ಅಲ್ಲಿ ದ್ವಂದ್ವ ಇರುವುದು ಕಾರ್ಡಿನ ಚಿತ್ರಕ್ಕೂ ಆಯ್ಕೆಗೂ ನಡುವೆ. ಆಯ್ಕೆಯ ಮಾತು ಹೆಚ್ಚಾಗಿ ನೇರವಾಗಿರುತ್ತದೆ. ಚಿತ್ರವೂ ಒಗಟು, ಮಾತೂ ಒಗಟು ಆದರೆ ಆಟಗಾರರಿಗೆ ತಾವು ಏನನ್ನು ಆರಿಸಿದೆವು ಎಂಬುದೇ ತಿಳಿಯದು. ತಿಳಿಯದೆ ಮಾಡಿದ ಆಯ್ಕೆಗೆ ಹೊಣೆಯೂ ಹುಟ್ಟದು. ಒಗಟನ್ನು ಒಂದು ಕಡೆ ಮಾತ್ರ ಇಡಿ.

ಪ್ರಶ್ನೆ: ನಾಲ್ಕು ಕವಡೆ ಎಸೆದು ಶಕುನ ಹೇಳುವ ಸಣ್ಣ ಆಟವನ್ನು ಟ್ವೈನ್ ಎಂಬ, ಪಠ್ಯದ ಆಟ ಕಟ್ಟುವ ತಂತ್ರಾಂಶದಲ್ಲಿ ಮಾಡುತ್ತಿದ್ದೇವೆ. ಬರೆಯಬೇಕಾದ ಪಠ್ಯ ಮಿತಿಮೀರುತ್ತಿದೆ. ಕನ್ನಡ ಅಕ್ಷರದ ತೊಂದರೆಗಳೂ ಇವೆ. (ಮೈಸೂರು)

ಚೌಕಾಬಾರ ಆಡಿದವರಿಗೆ ಲೆಕ್ಕ ಗೊತ್ತು: ಬಾಯಿ ಮೇಲಾಗಿ ಬಿದ್ದಷ್ಟು ಅಂಕಿ, ನಾಲ್ಕೂ ಮಗುಚಿದರೆ ಎಂಟು. ಕಂಪ್ಯೂಟರಿನ ಕವಡೆಗೆ ಎರಡೂ ಮಗ್ಗುಲು ಸಮ ಎಂದಿಟ್ಟುಕೊಂಡರೆ 16 ಸಾಧ್ಯತೆಗಳಲ್ಲಿ ಎರಡು ಬೀಳುವುದು 6, ಒಂದು ಮತ್ತು ಮೂರು ತಲಾ 4, ನಾಲ್ಕು ಮತ್ತು ಎಂಟು ತಲಾ 1. ಅಂದರೆ ಎರಡರ ಪಾಲು ಶೇ 37.5, ಎಂಟರದು ಶೇ 6.25. ಒಂದು ಆಟದಲ್ಲಿ ಹತ್ತು ಸಲ ಎಸೆದರೂ ಶೇ 52ರಷ್ಟು ಆಟಗಾರರು ಎಂಟನ್ನು ಕಾಣುವುದೇ ಇಲ್ಲ. ಕಥೆಯ ಕೀಲಿಯನ್ನು ಎಂಟಕ್ಕೆ ನೇತುಹಾಕಬೇಡಿ. ಹೆಚ್ಚು ಪಠ್ಯ ಎರಡಕ್ಕೆ ಬೇಕು, ಇಲ್ಲದಿದ್ದರೆ ಹೇಳಿದ್ದನ್ನೇ ಹೇಳುವ ಆಟವಾಗುತ್ತದೆ.

ಪಠ್ಯ ಬೆಳೆಯುವುದು ಗುಣಾಕಾರದಿಂದ. 5 ಫಲ, 10 ಪ್ರಶ್ನೆ, ತಲಾ 3 ಆಯ್ಕೆ ಎಂದರೆ 150 ತುಣುಕು, ಪ್ರತಿಯೊಂದಕ್ಕೂ ಮುಂದೆ ಪರಿಣಾಮ. ಬದಲಿಗೆ ಪ್ರತಿ ಫಲಕ್ಕೆ ಎರಡೆರಡು ಗುಣ ಅಂಟಿಸಿ. ಎಂಟಕ್ಕೆ ‘ಮುಚ್ಚಿದ್ದು’, ‘ಕಾಯುವುದು’ ಅನ್ನಿ. ಎರಡಕ್ಕೆ ‘ಜೋಡಿ’, ‘ಜಗಳ’. ಪ್ರತಿ ಪ್ರಶ್ನೆಗೆ ಏಳು ಉತ್ತರ ಬರೆದು ಅವಕ್ಕೂ ಅದೇ ಗುಣಗಳನ್ನು ಹಚ್ಚಿ, ಹೊಂದುವ ಮೂರನ್ನು ಮಾತ್ರ ತೋರಿಸಿ. ಒಂದು ಉತ್ತರಕ್ಕೆ ಹಲವು ಗುಣ ಇರಬಹುದು. 70 ತುಣುಕಿನಲ್ಲಿ ಕೆಲಸ ಮುಗಿಯುತ್ತದೆ. ಆಮೇಲೆ ಒಂದು ಹಾಳೆಯಲ್ಲಿ 5×10ರ ಚೌಕ ಹಾಕಿ, ಐವತ್ತು ಮನೆಗಳಲ್ಲೂ ಕನಿಷ್ಠ ಎರಡು ಉತ್ತರ ಬೀಳುತ್ತವೆಯೇ ಎಂದು ಕೈಯಾರೆ ನೋಡಿ. ಬರೀ ಒಂದೇ ಉತ್ತರ ಉಳಿದ ಮನೆಯಲ್ಲಿ ವ್ಯಾಖ್ಯಾನ ಇಲ್ಲ, ಬರೀ ತೀರ್ಪು.

ಹೇಳಿದ ಭವಿಷ್ಯವನ್ನು ವೇರಿಯಬಲ್‌ನಲ್ಲಿ (ಆಟ ನೆನಪಿಟ್ಟುಕೊಳ್ಳುವ ಹೆಸರಿಟ್ಟ ಜಾಗ) ಉಳಿಸಿ, ಎರಡು ದೃಶ್ಯದೊಳಗೆ ಅದರ ಒಂದು ಸಣ್ಣ ಗುರುತು ಕಾಣಿಸಿ. ದೊಡ್ಡದು ಕೊನೆಗೆ ಬರಲಿ. ಆಗ ಆ ಪಾತ್ರದ ಬಾಯಲ್ಲಿ ಆಟಗಾರರ ಮಾತನ್ನು ಅಕ್ಷರಶಃ ಹಾಕಿ: ‘ಬೀಗ ಹಾಕುವವಳು ನೀನೇ ಅಂದಿದ್ದೆಯಲ್ಲ.’ ಸಾರಾಂಶ ಮಾಡಿ ಹೇಳಿದರೆ ಪೆಟ್ಟು ಬೀಳುವುದಿಲ್ಲ.

ಎಸೆತದಲ್ಲಿ ಒಂದು ಕಳ್ಳದಾರಿ ಉಳಿಯುತ್ತದೆ. ಸಂಖ್ಯೆ ಹೊಸ ಪ್ಯಾಸೇಜ್ (ಟ್ವೈನ್‌ನ ಒಂದು ಪುಟ) ತೆರೆದ ಮೇಲೆ ಹುಟ್ಟುವಂತಿದ್ದರೆ, ಬ್ರೌಸರ್ ರಿಫ್ರೆಶ್ ಮಾಡಿದಾಗೆಲ್ಲ ಕವಡೆ ಮತ್ತೆ ಬೀಳುತ್ತದೆ. ಲಿಂಕ್ ಒತ್ತಿದ ಕ್ಷಣದಲ್ಲೇ ಸಂಖ್ಯೆ ತೀರ್ಮಾನವಾಗಿ ಉಳಿಯಲಿ. ಟ್ವೈನ್‌ನ ಕಥಾ ನಮೂನೆಗಳಲ್ಲೊಂದಾದ ಶುಗರ್‌ಕ್ಯೂಬ್ ಬಳಸುತ್ತಿದ್ದರೆ ಹಿಸ್ಟರಿಯ (ಹಿಂದಿನ ಹೆಜ್ಜೆಗಳ ದಾಖಲೆ) ಮಿತಿಯನ್ನು 1ಕ್ಕೆ ಇಳಿಸಿ, ಹಿಂದೆ ಹೋಗುವ ಬಾಣ ಕೆಲಸ ನಿಲ್ಲಿಸುತ್ತದೆ.

ಇನ್ನು ಅಕ್ಷರ. ಟ್ವೈನ್ ಕೊಡುವುದು ಎಚ್‌ಟಿಎಂಎಲ್ ಕಡತ, ಅದರಲ್ಲಿ ಒತ್ತಕ್ಷರ ಜೋಡಿಸುವ ಕೆಲಸ ಬ್ರೌಸರಿನದು. ಆದ್ದರಿಂದ ಯೂನಿಕೋಡ್ ಕನ್ನಡ ಸರಿಯಾಗಿಯೇ ಬರುತ್ತದೆ. ವೇರಿಯಬಲ್ ಹೆಸರುಗಳನ್ನು ಮಾತ್ರ ರೋಮನ್ ಲಿಪಿಯಲ್ಲಿಡಿ. ಮೊಬೈಲುಗಳಲ್ಲಿ ಒಂದೇ ರೂಪ ಬೇಕಾದರೆ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಆಟದ ಜೊತೆಗೇ ಕೊಡಿ. ತೊಂದರೆ ಬರುವುದು ಅಕ್ಷರಗಳು ಒಂದೊಂದಾಗಿ ಮೂಡುವ ಟೈಪ್‌ರೈಟರ್ ಪರಿಣಾಮದಲ್ಲಿ: ‘ಸ್ತ್ರೀ’ ಮೂಡುವಾಗ ಮೊದಲು ‘ಸ’, ಆಮೇಲೆ ‘ಸ್’, ‘ಸ್ತ’, ‘ಸ್ತ್’ ಎಂದು ಕುಣಿದು ಕಣ್ಣಿಗೆ ಹಿಂಸೆ. ಅದನ್ನು ಬಿಟ್ಟು ಪದಪದವಾಗಿ ಮೂಡಿಸಿ. ಮುಂದೆ ಯೂನಿಟಿ ಎಂಬ ಆಟ ಕಟ್ಟುವ ತಂತ್ರಾಂಶಕ್ಕೆ ಹೋಗುವ ಯೋಚನೆ ಇದ್ದರೆ ಎಚ್ಚರ, ಅಲ್ಲಿ ಪಠ್ಯ ಮೂಡಿಸುವ ಟೆಕ್ಸ್ಟ್‌ಮೆಶ್‌ಪ್ರೊದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಅಂಥದ್ದೇ ಇನ್ನೊಂದು ತಂತ್ರಾಂಶ ಗೋಡೋ 4ರಲ್ಲಿ ಆ ಕಾಟ ಇಲ್ಲ.

ಪ್ರಶ್ನೆ: ಇಂಗ್ಲಿಷ್ ಅಷ್ಟಕ್ಕಷ್ಟೆ. ಎರಡರಲ್ಲಿ ಯಾವುದನ್ನು ಕೊಳ್ಳಲಿ? ಮಕ್ಕಳೂ ಆಡಬಹುದೇ? (ಹಾಸನ)

ಎರಡರಲ್ಲೂ ಕನ್ನಡ ಇಲ್ಲ. ಆಸ್ಟ್ರೊಲೊಗಾಸ್ಟರ್‌ನಲ್ಲಿ ಪಾತ್ರಗಳು ಬಾಯಿಬಿಟ್ಟು ಮಾತಾಡುತ್ತವೆ, ಎಲಿಜಬೆತ್ ಕಾಲದ ಇಂಗ್ಲಿಷ್ ಶೈಲಿಯ ನಗೆಯನ್ನು ಹಿಡಿಯುವುದು ಕಷ್ಟ. ಕಾಸ್ಮಿಕ್ ವೀಲ್‌ನಲ್ಲಿ ಧ್ವನಿ ಇಲ್ಲ, ಓದು ಬಹಳ, ಆದರೆ ನೀವು ಗುಂಡಿ ಒತ್ತುವತನಕ ವಾಕ್ಯ ಕಾಯುತ್ತದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಆಡಲು ಅದೇ ವಾಸಿ. ಮಕ್ಕಳಿಗೆ ಬೇಡ. ಲೈಂಗಿಕತೆ, ಸಾವು ಎರಡರ ಮಾತೂ ಮುಚ್ಚುಮರೆಯಿಲ್ಲದೆ ಬರುತ್ತದೆ.